ಮಾವನವರ ತುಕ್ಕು

ನನ್ನ ಯಂತ್ರಕ್ಕೆ ಅದು ಮೊದಲ ಸಮುದ್ರಯಾನ, ಮಾವನವರಿಗೆ ನಿವೃತ್ತಿಗೆ ಮುಂಚಿನ ಕೊನೆಯದು. ಅವರು ಆ ಹಡಗಿನ ಮುಖ್ಯ ಎಂಜಿನಿಯರ್. ಸೊಸೆ ತಮ್ಮ ಹಡಗಿಗೇ ಕೆಲಸಕ್ಕೆ ಬಂದಳೆಂದು ಅವರನ್ನು ಹಿಡಿಯುವವರೇ ಇರಲಿಲ್ಲ.

ಯಂತ್ರ ತಾನಾಗಿಯೇ ಪ್ಲಾಸ್ಟಿಕ್ ಪೈಪಿನಿಂದ ಕಡಲಿನ ನೀರು ಹೀರಿ, ಅದರಲ್ಲಿ ಕಬ್ಬಿಣ ಎಷ್ಟಿದೆಯೆಂದು ಪರದೆಯ ಮೇಲೆ ಗೆರೆ ಎಳೆದು ತೋರಿಸುತ್ತದೆ. ಕಡಲಲ್ಲಿ ಅದು ಇರುವುದೇ ಇಲ್ಲವೆನ್ನುವಷ್ಟು ಕಡಿಮೆ. ಕಬ್ಬಿಣದ ಹಡಗಿನಲ್ಲಿ ಕುಳಿತು ಅದನ್ನು ಅಳೆಯುವುದೆಂದರೆ ಹಿಟ್ಟಿನ ಗಿರಣಿಯಲ್ಲಿ ನಿಂತು ಕಪ್ಪು ಅಂಗಿ ಕಾಪಾಡಿಕೊಂಡ ಹಾಗೆ.

ಮೊದಮೊದಲು ಗೆರೆ ಕೆಳಗೇ ಇತ್ತು. ಆಮೇಲೊಂದು ಬೆಳಿಗ್ಗೆ ಮೇಲೇರಿದ್ದು ಇಳಿಯಲೇ ಇಲ್ಲ. ಹೀಗೇ ಇದ್ದರೆ ಮುಂದಿನ ಬಂದರಿನಲ್ಲಿ ಯಂತ್ರದ ಜೊತೆ ನನ್ನನ್ನೂ ಇಳಿಸಿ ಕೈತೊಳೆದುಕೊಳ್ಳುತ್ತಾರೆ.

ನನ್ನ ಅನುಮಾನ ನೇರ ಮಾವನವರ ಮೇಲೆ ಹೋಯಿತು. ಹೊತ್ತು ಗೊತ್ತಿಲ್ಲದೆ, ತುಕ್ಕು ಮೆತ್ತಿದ ಬಟ್ಟೆಯಲ್ಲೇ ಯಂತ್ರವಿದ್ದ ನನ್ನ ಪ್ರಯೋಗಾಲಯಕ್ಕೆ ನುಗ್ಗಿ, "ಏನಂತೆ ನಿನ್ನ ಕೂಸು?" ಎನ್ನುತ್ತಿದ್ದರು.

"ಮಾವ, ಇನ್ಮೇಲೆ ಒಳಗೆ ಬರ್ಬೇಡಿ. ಮೈಯೆಲ್ಲಾ ತುಕ್ಕು ನಿಮ್ದು" ಎಂದು ಸಿಡುಕಿದೆ.

ಮುಖ ಸಣ್ಣದು ಮಾಡಿಕೊಂಡು ಹೋದರು. ಆಮೇಲೆ ಬಾಗಿಲಾಚೆ ನಿಂತೇ ಕೇಳುತ್ತಿದ್ದರು: "ಇಳೀತಾ?"

ಇಳಿಯಲಿಲ್ಲ. ಕೊನೆಗೆ ಪೈಪಿನ ಜಾಡು ಹಿಡಿದು ಡೆಕ್ಕಿಗೆ ಹೋದೆ. ನಡುವೆ ನಾನು ಹಾಕಿದ್ದ ಪ್ಲಾಸ್ಟಿಕ್ ಜಾಯಿಂಟು ಮಾಯ! ಅದರ ಜಾಗದಲ್ಲಿ ಉಕ್ಕಿನದು, ನೀರೆಲ್ಲ ಅದರೊಳಗಿಂದಲೇ ಹರಿದು ಬರುತ್ತಿದೆ. ಅಷ್ಟು ನಾಜೂಕಾಗಿ ಉಕ್ಕು ಕಡೆಯುವವರು ಹಡಗಿನಲ್ಲಿ ಒಬ್ಬರೇ.

"ಗಾಳಿ ಜೋರಾಗಿತ್ತಲ್ಲಮ್ಮ" ಎಂದರು ಮಾವ. "ಆ ಪ್ಲಾಸ್ಟಿಕ್ಕು ಕಿತ್ಕೊಂಡು ಹೋದ್ರೆ ನಿನ್ನ ಕೆಲಸಾನೇ ಹೋಗುತ್ತಲ್ಲ ಅಂತ..."

ಗೆರೆ ಏರಿದ್ದು ಅದರಿಂದಲೇ ಎಂದಾಗ ಅವರ ಮುಖ ನೋಡಲಾಗಲಿಲ್ಲ. ಬೈಯಲೆಂದೇ ಬಾಯಿ ತೆರೆದಿದ್ದವಳು, "ಬಿಚ್ಚೋಣ ಬನ್ನಿ ಮಾವ" ಎಂದೆ. ನನಗಾಗಿ ಇಷ್ಟು ಹೆದರಿದವರು ತವರಿನಲ್ಲೂ ಇರಲಿಲ್ಲ.

ಅವರೇ ಉಕ್ಕಿನದನ್ನು ಬಿಚ್ಚಿ ಪ್ಲಾಸ್ಟಿಕ್ಕಿನದು ಕೂಡಿಸಿ, ನೈಲಾನ್ ಹಗ್ಗದಿಂದ ಬಿಗಿದು ಕಟ್ಟಿದರು. ಸಂಜೆಯ ಹೊತ್ತಿಗೆ ಗೆರೆ ಇಳಿದು ತನ್ನ ಜಾಗಕ್ಕೆ ಬಂತು. ನಾನು ಕೂಗಿಕೊಂಡೇ ಓಡಿದೆ.

ಬಿಳಿ ಕೋಟು, ಟೋಪಿ, ಕೈಗವಸು ತೊಡಿಸಿ ಮಾವನವರನ್ನು ಒಳಗೆ ಕರೆತಂದೆ. ಬರುವುದಿಲ್ಲವೆಂದು ಬಾಗಿಲಲ್ಲೇ ಹಟ ಮಾಡಿದರು, ಬಿಡಲಿಲ್ಲ. ಯಂತ್ರದ ಮುಂದೆ ಕೈಕಟ್ಟಿ ನಿಂತರು. ನೋಡನೋಡುತ್ತಿದ್ದಂತೆ ಮುಖ ಕೆಂಪಗಾಯಿತು.

ಉಸಿರು ಬಿಗಿಹಿಡಿದುಕೊಂಡಿದ್ದರು!

"ಮಾವ, ಉಸಿರಾಡಿ!"

ಅವರು ಬೇಡವೆಂದು ತಲೆಯಾಡಿಸಿ, ಗೆರೆಯ ಕಡೆ ಬೆರಳು ತೋರಿಸಿದರು.