ಕೆಂಪು ಕಾಲರಿನ ಗೌನು

"ನನಗೆ ಸಮಾಧಾನ ಇದೆ," ಎಂದ ಪಿಟೀಲು ಬಾರಿಸುವವನು. ಪಕ್ಕದವಳೂ ಅದನ್ನೇ ಅಂದಳು. ದುಂಡಗೆ ಹಾಕಿದ ಕುರ್ಚಿಗಳಲ್ಲಿ ಸರದಿ ದರ್ಜಿ ಅಕ್ಕನ ಹತ್ತಿರ ಬರುತ್ತಿತ್ತು. ಅವಳ ಹೊಟ್ಟೆಯೊಳಗೆ ಕಿಚ್ಚು ಧಗಧಗ ಅನ್ನುತ್ತಿತ್ತು.

ಆ ಚರ್ಚಿನಲ್ಲಿ ಕೈ ಎತ್ತಿಸಿ ಎಣಿಸುವ ಪದ್ಧತಿ ಇರಲಿಲ್ಲ. ಏನೇ ತೀರ್ಮಾನವಿರಲಿ, ಮೊದಲು ಎಲ್ಲರೂ ಕಣ್ಣು ಮುಚ್ಚಿ ದೇವರ ಚಿತ್ತ ಕೇಳಬೇಕು; ಆಮೇಲೆ ಒಬ್ಬೊಬ್ಬರಾಗಿ, ಮನಸ್ಸಿಗೆ ಸಮಾಧಾನ ಇದೆಯೋ ಇಲ್ಲವೋ ಹೇಳಬೇಕು. ಒಬ್ಬರು ಇಲ್ಲ ಅಂದರೂ ವಿಷಯ ಅಲ್ಲಿಗೇ ನಿಂತಂತೆ. ಕಾರಣ ಕೇಳುವಂತಿಲ್ಲ. ದೇವರನ್ನು ಯಾರಪ್ಪ ಪ್ರಶ್ನೆ ಮಾಡುತ್ತಾರೆ?

ಇವತ್ತಿನ ವಿಷಯ, ಗಾಯನ ಮಂಡಳಿಗೆ ಮುಂದಾಳು ಯಾರು ಅನ್ನುವುದು. ಹಾಡು ಕಲಿಸುತ್ತಿದ್ದ ಮೇಷ್ಟ್ರಿಗೆ ಗಂಟಲು ಕೈಕೊಟ್ಟಿತ್ತು. ಆ ಜಾಗ ತನಗೇ ಅಂತ ಅಕ್ಕ ಗಟ್ಟಿ ಮಾಡಿಕೊಂಡುಬಿಟ್ಟಿದ್ದಳು. ಎಷ್ಟು ಗಟ್ಟಿ ಅಂದರೆ, ಮುಂದಾಳು ಮಾತ್ರ ತೊಡುವ ಕೆಂಪು ಕಾಲರಿನ ಗೌನನ್ನು ರಿಪೇರಿಗೆ ಅಂತ ಮನೆಗೆ ಒಯ್ದವಳು, ತನ್ನ ಕಡ್ಡಿ ಮೈಗೆ ಸರಿಯಾಗಿ ಹಿಡಿದು ಹೊಲಿದೂ ಇಟ್ಟಿದ್ದಳು! ಆದರೆ ಪಾಸ್ಟರ್ ಬಾಯಲ್ಲಿ ಬಂದದ್ದು ತಂಗಿಯ ಹೆಸರು. ಸ್ವರ ಹಿಡಿಯುವುದನ್ನು ಹೇಳಿಕೊಟ್ಟವಳು ನಾನು, ಮೆರೆಯುವವಳು ಅವಳು! ಹುಟ್ಟಿದಾಗಿನಿಂದ ಇದೇ ಆಯಿತಲ್ಲ. ಅಪ್ಪನ ಮುದ್ದು ಅವಳಿಗೆ, ಉದ್ದ ಜಡೆ ಅವಳಿಗೆ, ಈಗ ಇದೂ ಅವಳಿಗೇ.

"ನೀವೇನಂತೀರಮ್ಮ?" ಪಾಸ್ಟರ್ ಕೇಳಿದರು.

ಅಕ್ಕ ಕಣ್ಣು ಮುಚ್ಚಿದ್ದಳು ನಿಜ, ಆದರೆ ದೇವರನ್ನು ಒಂದು ಮಾತೂ ಕೇಳಿರಲಿಲ್ಲ. "ನನಗ್ಯಾಕೋ ಸಮಾಧಾನ ಬರ್ತಿಲ್ಲ," ಎಂದಳು, ಮೆಲ್ಲಗೆ, ಭಕ್ತಿಯಿಂದ.

ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಎದುರು ಕುರ್ಚಿಯಲ್ಲಿದ್ದ ತಂಗಿಯ ಮುಖ ಚಿಕ್ಕದಾಯಿತು. ಅಕ್ಕನಿಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು.

ಮರುದಿನ ತಂಗಿ ಆಸ್ಪತ್ರೆಯ ನರ್ಸ್ ಕೆಲಸ ಮುಗಿಸಿ ನೇರ ಅಕ್ಕನ ಹೊಲಿಗೆ ಕೋಣೆಗೆ ಬಂದಳು. ಜಗಳಕ್ಕೇ ಬಂದಳು ಅಂತ ಅಕ್ಕ ನಾಲಿಗೆ ಮಸೆದುಕೊಂಡು ಕೂತಳು. ತಂಗಿ ಚಪ್ಪಲಿ ಬಿಟ್ಟು, ಬಟ್ಟೆ ಚೂರುಗಳ ನಡುವೆ ಮೊಣಕಾಲೂರಿದಳು.

"ಬೇರೆ ಯಾರಾದ್ರೂ ಹಾಗಂದಿದ್ರೆ ಹೊಟ್ಟೆಕಿಚ್ಚು ಅಂದ್ಕೊಂಡು ಸುಮ್ನಾಗ್ತಿದ್ದೆ. ಅಂದವಳು ನೀನು. ನಿದ್ದೇನೇ ಬರ್ಲಿಲ್ಲ ಅಕ್ಕ. ದೇವರು ನನ್ನಲ್ಲಿ ಏನು ತಪ್ಪು ತೋರಿಸಿದ? ಹೇಳು, ತಿದ್ಕೋತೀನಿ."

ಮಸೆದ ನಾಲಿಗೆ ಕೆಲಸಕ್ಕೆ ಬರಲಿಲ್ಲ. "ಅದು... ನನಗೂ ಸರಿಯಾಗಿ ತಿಳೀಲಿಲ್ಲ ಕಣೆ."

"ಹಾಗಾದ್ರೆ ಇನ್ನೊಂದ್ಸಲ ಕೇಳು. ಇಲ್ಲೇ ಕೂತಿರ್ತೀನಿ."

ತಂಗಿ ಕಣ್ಣು ಮುಚ್ಚಿ ತಲೆ ಬಗ್ಗಿಸಿದಳು. ಅಕ್ಕ ಮುಚ್ಚಲಿಲ್ಲ. ಹೊಟ್ಟೆಯ ಕಿಚ್ಚು ಆರಿರಲಿಲ್ಲ, ಎಳ್ಳಷ್ಟೂ ಇಲ್ಲ. ಆ ಹಾಳು ಜಡೆ ಈಗಲೂ ಉದ್ದವೇ ಇತ್ತು. ಬೈತಲೆಯ ಹತ್ತಿರ ಮಾತ್ರ ನರೆ ಇಣುಕಿತ್ತು. ಇದು ಯಾವಾಗ ಬಂತು ಇವಳಿಗೆ?

ಗೌನು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅಕ್ಕ ಅದನ್ನು ಇಳಿಸಿ ತೊಡೆಯ ಮೇಲೆ ಹರಡಿಕೊಂಡು, ಪಕ್ಕದ ಹೊಲಿಗೆ ಬಿಚ್ಚತೊಡಗಿದಳು. ಗಟ್ಟಿಯಾಗಿ ಹೊಲಿದಿದ್ದಳು, ಸುಲಭಕ್ಕೆ ಬರಲಿಲ್ಲ.

"ಅಕ್ಕ, ಏನಾದ್ರೂ ಕೇಳಿಸ್ತಾ?"

ಅಕ್ಕ ಕೊರಳಲ್ಲಿದ್ದ ಅಳತೆಯ ಟೇಪು ತೆಗೆದಳು.

"ಕೈ ಎತ್ತು," ಎಂದಳು ಸಿಡುಕಿನಿಂದ. "ದಪ್ಪ ಬೇರೆ ಆಗಿದ್ದೀಯ."