ಸಾರು ಹಾಕಿದ ಮೇಲೆ

ಎಣ್ಣೆ ಕಾದಿದೆ, ಒಗ್ಗರಣೆ ಸೌಟಿನ ಅಂಚಿನಿಂದ ದಾರದೆಳೆಯಷ್ಟು ಹೊಗೆ ಎದ್ದು ಕಿಟಕಿಯ ಕಡೆ ಹೋಗುತ್ತಿದೆ, ಅಂಗೈಯಲ್ಲಿ ಸಾಸಿವೆ ಇದೆ, ಹಾಕು ಮೀನಾಕ್ಷಿ, ಹಾಕು, ಯಾರ ಅಪ್ಪಣೆ ಬೇಕು ನಿನಗೆ, ಬೇಳೆ ಬೆಂದಿದೆ, ಹುಣಸೆಹುಳಿ ಹಿಂಡಿದ್ದಾಗಿದೆ, ಒಂದು ಸಲ ಚಟಪಟ ಅಂದರೆ ಊಟಕ್ಕೆ ಕೂರಬಹುದು, ಹುಟ್ಟಿದಾಗಿನಿಂದ ಒಗ್ಗರಣೆ ಇಲ್ಲದ ಸಾರು ತಿಂದವಳಲ್ಲ ನಾನು, ಈಗ ಯಾವ ಬೋರಣ್ಣನಿಗೆ ಹೆದರಬೇಕು — ಹೆದರಿಕೆ ಅಲ್ಲ, ಆ ಮನುಷ್ಯ ಹಾಕಬೇಡಿ ಅಂದಿದ್ದರೆ ಈ ಹೊತ್ತಿಗೆ ಹಾಕಿ, ಉಂಡು, ಪಾತ್ರೆಯೂ ತೊಳೆದಿರುತ್ತಿದ್ದೆ, ಹಾಕ್ಕಳಿ ಅಂದುಬಿಟ್ಟನಲ್ಲ, ಅದೇ ಉರಿಯುತ್ತಿರುವುದು. ಪಕ್ಕದ ಮನೆಯ ಬೋರಣ್ಣ, ಊರಿನ ಯಜಮಾನ, ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆ ಬೆಳೆಯುತ್ತಾನೆ, ಬೆಳಿಗ್ಗೆ ತಮಟೆಯವನನ್ನು ಮುಂದೆ ಬಿಟ್ಟುಕೊಂಡು ಬಿಳಿ ಪಂಚೆಯಲ್ಲಿ ಗೇಟು ಗೇಟಿಗೂ ನಿಂತು ಹೇಳಿಕೊಂಡು ಬಂದ, ಸಾರು ಹಾಕೈತೆ ಕಣ್ರಮ್ಮೋ, ಮಾರಮ್ಮನ ಹಬ್ಬ ಮುಗಿಯೋಗಂಟ ಯಾರೂ ಒಗ್ಗರಣೆ ಹಾಕಂಗಿಲ್ಲ, ರಾತ್ರಿ ಊರು ಬಿಟ್ಟು ಆಚೆ ಮಲಗಂಗಿಲ್ಲ — ನನ್ನ ಗೇಟು ಬಂತು, ಮನುಷ್ಯ ಮೊಬೈಲ್ ನೋಡಿಕೊಂಡು ದಾಟಿಯೇ ಹೋದ, ತಮಟೆಯೂ ನನ್ನ ಗೇಟಿನ ಮುಂದೆ ಬಡಿಯಲಿಲ್ಲ, ಆಚೆ ಗೇಟಿಗೆ ಹೋಗಿ ಮತ್ತೆ ಶುರುವಾಯಿತು. ಒದ್ದೆ ಕೈಯಲ್ಲೇ ಓಡಿಹೋಗಿ ಕೇಳಿದೆ, ನನಗೆ ಹೇಳಲೇ ಇಲ್ವಲ್ಲ ಬೋರಣ್ಣ. ಅಯ್ಯೋ ನಿಮ್ಗಿಲ್ಲ ಬುಡಿ ಮೇಡಮ್ಮ, ನೀವು ಆರಾಮಾಗಿ ಹಾಕ್ಕಳಿ, ಇದೆಲ್ಲ ಊರೋರಿಗೆ, ನಿಮ್ಗೂ ಮಹಡಿ ಮೇಲಿನ ಹುಡ್ಗೀರಿಗೂ ಏನಿಲ್ಲ. ನಗುನಗುತ್ತಾ ಹೇಳಿದ, ಏನೋ ದೊಡ್ಡ ರಿಯಾಯಿತಿ ಕೊಟ್ಟವನ ಹಾಗೆ. ಮೊನ್ನೆ ತಾನೇ ಬಂದ, ಬರುವ ತಿಂಗಳು ಇನ್ನೆಲ್ಲಿಗೋ ಹೋಗುವ ಆ ಬಾಡಿಗೆ ಹುಡುಗಿಯರೂ ನಾನೂ ಒಂದೇ, ಸ್ವಂತ ಮನೆ ಕೊಂಡು, ಮನೆಗಂದಾಯ ಕಟ್ಟಿ, ಇವನ ಹೆಂಡತಿ ಲಕ್ಷ್ಮಮ್ಮ ಬೆಳಗೂ ಬೈಗೂ ಕೇಳುವ ಏನ್ ಸಾರು ಮೇಡಮ್ಮ ಎಂಬ ಪ್ರಶ್ನೆಗೆ ತಪ್ಪದೆ ಉತ್ತರ ಕೊಟ್ಟು — ಅಷ್ಟೆಲ್ಲ ಮಾಡಿದವಳು ನಾನು.

ಸಾರು, ಈ ಹಾಳು ಪದವೇ ನನ್ನ ಮಾನ ತೆಗೆದದ್ದು, ಹೋದ ವರ್ಷ ಆಗಷ್ಟೇ ಜಯನಗರ ಬಿಟ್ಟು ಇಲ್ಲಿಗೆ ಬಂದಿದ್ದೆ, ನಿವೃತ್ತಿಯಾಗಿತ್ತು, ಗೊಟ್ಟಿಗೆರೆಯ ಹಳೇ ಊರಿನ ಈ ಬೀದಿ, ಎರಡು ರೂಮಿನ ಮನೆ, ಹಿತ್ತಿಲಲ್ಲಿ ಕರಿಬೇವು, ಇಷ್ಟು ಸಾಕು ಅನ್ನಿಸಿತ್ತು, ಅಕ್ಕ ಹಳ್ಳಿ ಸೇರಿಬಿಟ್ಟಳು ಅಂತ ತಂಗಿ ಶ್ರೀದೇವಿ ನೆಂಟರಿಗೆಲ್ಲ ಫೋನ್ ಮಾಡಿದಳು, ಬನ್ನೇರುಘಟ್ಟ ರಸ್ತೆಯ ಹಾರ್ನು ಮನೆಯೊಳಗೆ ಕೇಳುವ ಈ ಜಾಗವನ್ನು ಹಳ್ಳಿ ಅನ್ನುವವರು ಅವಳು ಮತ್ತು ಬೋರಣ್ಣ ಇಬ್ಬರೇ. ಆಗ ಲಕ್ಷ್ಮಮ್ಮ ಗೋಡೆ ಮೇಲಿಂದ ಕೂಗಿ ಹೇಳಿದಳು, ಮೇಡಮ್ಮ, ಇವತ್ತು ಊರಿಗೆಲ್ಲ ಸಾರು ಹಾಕ್ತಾರೆ, ಬಾಗ್ಲಲ್ಲಿ ಇರಿ. ಊರಿಗೆಲ್ಲ ಸಾರು ಹಾಕುತ್ತಾರೆ ಅಂದರೆ ಯಾರಾದರೂ ಏನು ತಿಳಿದುಕೊಳ್ಳಬೇಕು, ದೇವಸ್ಥಾನದ ಪ್ರಸಾದ, ಹಬ್ಬದ ಊಟ, ನಾನು ಅನ್ನ ಮಾತ್ರ ಮಾಡಿಟ್ಟು, ದೊಡ್ಡ ಸ್ಟೀಲ್ ಡಬರಿ ಹಿಡಿದುಕೊಂಡು, ಮುಚ್ಚಳ ಸಮೇತ, ಗೇಟಿನಲ್ಲಿ ನಿಂತೆ. ತಮಟೆ ಬಂತು, ಹಿಂದೆ ಬೋರಣ್ಣ ಬಂದ, ಸೌಟೂ ಇಲ್ಲ, ಕೊಳಗವೂ ಇಲ್ಲ, ಡಬರಿ ಚಾಚಿದೆ. ಬೀದಿಗೆ ಬೀದಿಯೇ ನಕ್ಕಿತು, ಲಕ್ಷ್ಮಮ್ಮ ಜಗಲಿ ಮೇಲೆ ಕುಸಿದು ಕೂತು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು, ತಮಟೆಯವನು ಮಾತ್ರ ಪಾಪ ಡಬರಿಯೊಳಗೆ ಬಗ್ಗಿ ನೋಡಿದ. ಇಡೀ ಸರ್ವೀಸು ಕನ್ನಡ ಟೈಪಿಸ್ಟ್ ಆಗಿದ್ದವಳು ನಾನು, ಸಾರ್ವಜನಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ ಅಂತ ಸಾವಿರ ಸಲ ಬಡಿದ ಬೆರಳು ಇವು, ಸಾರು ಹಾಕುವುದು ಅಂದರೆ ಡಂಗುರ ಸಾರುವುದು, ತಿಳಿಯಪಡಿಸುವುದು ಅಂತ ಈ ತಲೆಗೆ ಹೊಳೆಯಬಾರದೇ. ಅವತ್ತಿನಿಂದ ನಾನು ಸಾರಮ್ಮ, ಬೆನ್ನ ಹಿಂದೆ, ಎದುರಿಗೆ ಮೇಡಮ್ಮ, ಬನ್ನಿ, ಕೂತ್ಕಳಿ, ಕಾಪಿ ಕುಡೀರಿ, ಲಕ್ಷ್ಮಮ್ಮನ ಬಾಯಲ್ಲಿ ಬೀದಿಗೆಲ್ಲ ಏಕವಚನ, ಕೋಪ ಬಂದರೆ ಗಂಡನಿಗೂ, ನನಗೊಬ್ಬಳಿಗೆ ಬಹುವಚನ, ಬಿಸಿ ಪಾತ್ರೆಯನ್ನು ಬಟ್ಟೆ ಸುತ್ತಿ ಹಿಡಿಯುವ ಹಾಗೆ.

ಎಣ್ಣೆ ಸುಟ್ಟುಹೋಗುತ್ತದೆ, ಉರಿ ಸಣ್ಣ ಮಾಡು. ಅತ್ತ ಆ ಫೋನ್ ಬೇರೆ, ಮಧ್ಯಾಹ್ನ ಶ್ರೀದೇವಿ, ಅಕ್ಕ, ಮೇಲಿನ ರೂಮು ಇನ್ನೂ ಯಾರಿಗೂ ಕೊಟ್ಟಿಲ್ಲ, ಇವರು ಬಾಡಿಗೆಗೆ ಕೊಡೋಣ ಅಂತಿದಾರೆ, ಬರ್ತೀಯಾದ್ರೆ ಇವತ್ತೇ ಹೇಳ್ಬಿಡು, ನಾಳೆ ಬೆಳಿಗ್ಗೆ ಇವರೇ ಕಾರ್ ತರ್ತಾರೆ, ಅಲ್ಲಿ ಯಾರಿದಾರೆ ನಿಂಗೆ. ಸಂಜೆ ಹೇಳುತ್ತೇನೆ ಅಂದೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆ ಜಯನಗರದಲ್ಲಿ ಮಾತ್ರ ಯಾರಿದ್ದರು, ತಂಗಿಯ ಮನೆ, ತಂಗಿಯ ಗಂಡ, ಫ್ರಿಜ್ಜಿನಲ್ಲಿ ಕೆಳಗಿನ ತಟ್ಟೆ ನನ್ನದು, ಅಕ್ಕ ಟೀವಿ ಸ್ವಲ್ಪ ಸಣ್ಣಗೆ ಇಡ್ತೀಯಾ, ಒಬ್ಬರೂ ಜೋರು ಮಾಡಿದವರಲ್ಲ, ಅಷ್ಟು ವರ್ಷ ನನ್ನನ್ನು ಯಾರೂ ಗದರಲಿಲ್ಲ, ನೆಂಟರನ್ನು ಯಾರು ಗದರುತ್ತಾರೆ, ಅದಕ್ಕೇ ತಾನೇ ಗಂಟುಮೂಟೆ ಕಟ್ಟಿದ್ದು, ಇಲ್ಲಾದರೂ — ಇಲ್ಲಾದರೂ ಏನು, ಹೇಳು, ಇಲ್ಲೂ ಹಾಕ್ಕಳಿ ಮೇಡಮ್ಮ, ನಿಮ್ಗೇನಿಲ್ಲ. ನನಗೂ ಬೇಡ ಅನ್ನಬೇಕಿತ್ತು, ಒಗ್ಗರಣೆ ಹಾಕೀರಿ ಜೋಕೆ ಅಂತ ಬಾಗಿಲಲ್ಲಿ ನಿಂತು ಉಗಿದು ಉಪ್ಪಿನಕಾಯಿ ಹಾಕಬೇಕಿತ್ತು, ನಾನು ಜಗಳ ಆಡುತ್ತಿದ್ದೆ, ಮೂಢನಂಬಿಕೆ ಅನ್ನುತ್ತಿದ್ದೆ, ಅಷ್ಟು ಸಾಕಿತ್ತು ನನಗೆ, ಥೂ, ಈ ವಯಸ್ಸಿನಲ್ಲಿ ಬೈಸಿಕೊಳ್ಳುವ ಆಸೆ. ಹಾಕುತ್ತೇನೆ, ಜೋರಾಗಿ ಹಾಕುತ್ತೇನೆ, ಇಂಗು ಬೆಳ್ಳುಳ್ಳಿ ಸಮೇತ, ಉಂಡು ಶ್ರೀದೇವಿಗೆ ಹೇಳುತ್ತೇನೆ, ಕಾರು ಕಳಿಸು, ಊರು ಬಿಟ್ಟು ಮಲಗುವುದಕ್ಕೂ ನನಗೆ ಅಡ್ಡಿಯಿಲ್ಲ ತಾನೇ, ಉಳಿದವರಿಗೆಲ್ಲ ಕಟ್ಟು, ನನಗೊಬ್ಬಳಿಗೆ ಬಿಡುಗಡೆ. ಬೀದಿ ಎಷ್ಟು ಮೌನವಾಗಿದೆ, ದಿನಾ ಈ ಹೊತ್ತಿಗೆ ಆ ಮನೆಯಲ್ಲೊಂದು ಚಟಪಟ, ಈ ಮನೆಯಲ್ಲೊಂದು, ಮೂಗು ಕಟ್ಟಿಹೋಗುವಷ್ಟು ಘಾಟು, ಬೈದುಕೊಳ್ಳುತ್ತಿದ್ದೆ, ಇವತ್ತು ಒಂದು ಮನೆಯಲ್ಲೂ ಇಲ್ಲ, ಬರೀ ಬೇಯುವ ವಾಸನೆ, ಇಡೀ ಬೀದಿ ನನ್ನ ಕೈ ನೋಡುತ್ತಾ ಕೂತ ಹಾಗಿದೆ — ಚಟಪಟ. ಅಯ್ಯೋ. ನನ್ನದಲ್ಲ, ನನ್ನ ಸಾಸಿವೆ ಅಂಗೈಯಲ್ಲೇ ಇದೆ, ಮೇಲಿನದು, ಬೋರಣ್ಣನ ಮಹಡಿಯ ಹುಡುಗಿಯರದು, ಕರಿಬೇವಿನ ಘಮ ಇಳಿದು ಬರುತ್ತಿದೆ. ಗೋಡೆಯಾಚೆ ಬೋರಣ್ಣನ ದನಿ, ಒಗ್ಗರಣೆ ವಾಸ್ನೆ ಅಲ್ವೇನೇ ಇದು, ಮೇಡಮ್ಮಂದು ಇರ್ಬೇಕು ಬುಡು, ನಾನೇ ಹಾಕ್ಕಳಿ ಅಂದಿದ್ದೆ. ಲಕ್ಷ್ಮಮ್ಮ ಎಲ್ಲಿದ್ದಳೋ, ಏನನ್ನೋ ದಡಾರನೆ ಕೆಳಗಿಟ್ಟ ಸದ್ದು, ನಿಂಗ್ಯಾರು ಹೇಳಕ್ಕೆ ಹೇಳಿದ್ದು, ನಮ್ ಸಾರಮ್ಮ ಯಾಕ್ ಹಾಕ್ತಾಳೆ, ಅವ್ಳು ಹಾಕಕ್ಕಿಲ್ಲ, ಮೇಲಿನ ಹುಡ್ಗೀರದು ಕಣಯ್ಯ ಅದು.

ಹಾಕ್ತಾಳೆ ಅಂದಳು, ಹಾಕ್ತಾರೆ ಅನ್ನಲಿಲ್ಲ, ಅವ್ಳು ಅಂದಳು, ನಮ್ ಅಂದಳು, ಯಾರನ್ನು ಕೇಳಿ ಅಂದಳು, ನಾನು ಹಾಕುವುದಿಲ್ಲ ಅಂತ ಇವಳಿಗೆ ಬರೆದುಕೊಟ್ಟಿದ್ದೆನೇ, ಎಂಥ ಹೆಂಗಸು, ಗೋಡೆಯಾಚೆ ಕೂತು ನನ್ನ ಅಡುಗೆ ನಿರ್ಧರಿಸಿಬಿಟ್ಟಳು, ಈಗ ಹಾಕಿದರೆ ಇವಳ ಮಾತು ಹೋಗುತ್ತದೆ, ಗಂಡನ ಮುಂದೆ ಮುಖ ಹೋಗುತ್ತದೆ, ಹಾಕದಿದ್ದರೆ ಈ ಸಪ್ಪೆ ನೀರನ್ನು ಹಬ್ಬ ಮುಗಿಯುವವರೆಗೆ ಸುರಿದುಕೊಳ್ಳಬೇಕು, ಫೋನ್ ಬಡಿದುಕೊಳ್ಳುತ್ತಿದೆ, ಶ್ರೀದೇವಿ, ಬಡಿದುಕೊಳ್ಳಲಿ, ಎಡಗೈಯಲ್ಲಿ ಗ್ಯಾಸ್ ಆರಿಸಿದೆ, ಹೊಗೆ ನಿಂತಿತು, ಸಾಸಿವೆ ಡಬ್ಬಿಯ ಮುಚ್ಚಳ ತೆಗೆದೆ, ವಾಪಸ್ ಸುರಿಯೋಣ ಅಂತ ಅಂಗೈ ಬಗ್ಗಿಸಿದರೆ, ಬೆವರಿಗೆ ಅಂಟಿಕೊಂಡಿವೆ, ಕೊಡವಿದರೂ ಬೀಳುತ್ತಿಲ್ಲ, ಕಪ್ಪಗೆ, ಅಂಗೈ ತುಂಬ, ಸಾಸಿವೆ.