ನರ್ಸಮ್ಮನ ಲೋಟ

ಯಾರಿಗೂ ಹೇಳದ ಒಂದು ಅಳುಕನ್ನು ಇಲ್ಲಿ ಬರೆದಿಡುತ್ತೇನೆ: ನಾಲ್ಕು ಜನರ ಮುಂದೆ ನಿಂತರೆ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಅಂಥವಳ ತಲೆಗೆ ಅಪ್ಪನ ನಿವೃತ್ತಿಯ ಬೀಳ್ಕೊಡುಗೆಯ ದಿನ ಅವರ ಬಗ್ಗೆ ಎರಡು ಪುಟ ಬರೆದು ಓದುವ ಕೆಲಸ ಕಟ್ಟಿದ್ದಾರೆ. ಡಿಗ್ರಿ ಮುಗಿಸಿ ಮನೆಯಲ್ಲಿ ಸುಮ್ಮನೆ ಕೂತಿದ್ದೇನಲ್ಲ, ಅದಕ್ಕೆ.

ಅಪ್ಪ ಪೇಟೆಂಟ್ ಕಚೇರಿಯ ಮುಖ್ಯ ನಿಯಂತ್ರಕರು. ಹೊಸದೇನನ್ನೋ ಕಂಡುಹಿಡಿದೆ ಎಂದು ಯಾರಾದರೂ ಅರ್ಜಿ ಹಾಕಿದರೆ, ಅದು ಜಗತ್ತಿನ ಯಾವ ಮೂಲೆಯಲ್ಲಾದರೂ ಆಗಲೇ ಅಚ್ಚಾಗಿದೆಯೇ ಎಂದು ಹುಡುಕುವುದು ಅಲ್ಲಿನ ಕೆಲಸ. ಅಪ್ಪ ಪರೀಕ್ಷಕರಾಗಿ ಸೇರಿ, ಮೂವತ್ತನಾಲ್ಕು ವರ್ಷಗಳಲ್ಲಿ ಒಂದೊಂದೇ ಮೆಟ್ಟಿಲು ಹತ್ತಿದವರು. ಬೆನ್ನ ಹಿಂದೆ ಎಲ್ಲರೂ ಅವರನ್ನು ‘ಮೊದಲೇ-ಇತ್ತು ಸಾಹೇಬರು’ ಎನ್ನುತ್ತಾರೆ. ಮನೆಯಲ್ಲೂ ಅದೇ ರಾಗ.

“ಹೊಸ ಪರದೆ ಹಾಕಿದೀನಿ, ಕಣ್ಣಿಗೆ ಬಿತ್ತಾ?” ಎಂದು ಅಮ್ಮ ಕೇಳಿದರೆ, “ಈ ಹೂವಿನ ಡಿಸೈನು ಮೊದಲೇ ಇತ್ತು ಕಣೇ,” ಎನ್ನುತ್ತಾರೆ.

“ನಿಮಗೆ ನಾನು ಹೊಸಬಳಾಗಿ ಕಂಡಿದ್ದು ಮದುವೆ ದಿನ ಒಂದೇ.”

“ಅವತ್ತೂ ಇಲ್ಲ. ನಿನ್ನ ಫೋಟೋ ಮೊದಲೇ ಬಂದಿತ್ತಲ್ಲ!”

ಒಂದು ವಾರದಿಂದ ಕಚೇರಿಯ ಗ್ರಂಥಾಲಯದಲ್ಲಿ ಕೂತು ಅಪ್ಪನ ಹಳೆಯ ಕಡತಗಳನ್ನು ಓದುತ್ತಿದ್ದೇನೆ. ಎತ್ತರದ ಕಿಟಕಿಗಳ ಬಿಸಿಲು ಮೇಜಿನಿಂದ ಮೇಜಿಗೆ ಮೆಲ್ಲನೆ ನಡೆಯುತ್ತದೆ. ದಾರ ಬಿಚ್ಚಿದರೆ ಎಂದೂ ಹುಟ್ಟದ ಯಂತ್ರಗಳು: ತಾನೇ ಮಡಚಿಕೊಳ್ಳುವ ಏಣಿ, ಗಾಳಿ ಬಂದರೆ ಕಣ್ಣು ಮುಚ್ಚುವ ಕಿಟಕಿ. ನೋಡುತ್ತ ನೋಡುತ್ತ ಕಣ್ಣು ಮಂಜಾಗಿ, ಕಾಗದದ ಮೇಲಿನ ಗಾಲಿಗಳು ಸದ್ದಿಲ್ಲದೆ ತಿರುಗತೊಡಗುತ್ತವೆ.

“ಏನಮ್ಮಾ, ನಿದ್ದೆನಾ ತಪಸ್ಸಾ?” ಎಂದು ಗ್ರಂಥಾಲಯದ ಅಕ್ಕ ಕೆಮ್ಮಿದಾಗಲೇ ಅವು ನಿಲ್ಲುವುದು.

“ಲೋಟದ ಕಡತ ಮಾತ್ರ ಬಿಡಬೇಡ ಮಗಳೇ, ನನ್ನ ಹೆಸರು ನಿಂತಿದ್ದೇ ಅದರಿಂದ,” ಎಂದು ಅಪ್ಪ ಮೊದಲೇ ಹೇಳಿದ್ದರು. ಅವರು ಸೇರಿದ ವರ್ಷದ ಕಥೆ ಅದು. ಕತ್ತು ಎತ್ತಲಾಗದ ರೋಗಿಗಳು ಮಲಗಿದಲ್ಲೇ ಚೆಲ್ಲದೆ ಕುಡಿಯುವಂಥ ಲೋಟವೊಂದನ್ನು ಒಬ್ಬ ನರ್ಸಮ್ಮ ಪೆನ್ಸಿಲ್ಲಿನಲ್ಲಿ ಬರೆದು, ಏಪ್ರಿಲ್ ಒಂಬತ್ತರಂದು ಅರ್ಜಿ ಹಾಕಿದ್ದರು. ಆ ವರ್ಷದ ಕೊನೆಗೆ ಅರ್ಜಿ ಪರಿಶೀಲನೆಗೆ ಬಂದಾಗ ಹಿರಿಯರೆಲ್ಲ ತಲೆದೂಗಿದ್ದರು. ಅಪ್ಪ ಅರ್ಧ ಗಂಟೆಯಲ್ಲಿ ಹೊರದೇಶದ ಪತ್ರಿಕೆಯೊಂದರ ಅದೇ ವರ್ಷದ ಮಾರ್ಚ್ ಸಂಚಿಕೆ ಹುಡುಕಿ ತಂದರು. ಅದರಲ್ಲಿ ಅದೇ ಲೋಟ. ಅರ್ಜಿ ತಿರಸ್ಕಾರವಾಯಿತು. ಕಡತದ ಕೊನೆಯಲ್ಲಿ ನರ್ಸಮ್ಮನ ಒಂದು ಸಾಲಿನ ಕಾಗದವಿದೆ: “ನಾನು ಯಾರದ್ದನ್ನೂ ನೋಡಿ ಬರೆದದ್ದಲ್ಲ, ಸ್ವಾಮಿ.”

ಕಡತದಲ್ಲಿ ಪತ್ರಿಕೆಯ ಎರಡೇ ಹಾಳೆಗಳ ನಕಲು ಇತ್ತು, ಮುಖಪುಟ ಮತ್ತು ಲೋಟದ ಚಿತ್ರ. ಎರಡು ಲೋಟಗಳನ್ನೂ ಅಕ್ಕಪಕ್ಕ ಇಟ್ಟು ನೋಡುವ ಆಸೆಯಾಗಿ ಅಕ್ಕನಿಂದ ಮೂಲ ಸಂಪುಟವನ್ನೇ ಇಳಿಸಿಕೊಂಡೆ. ಮುಖಪುಟ ಮಗುಚಿದರೆ ಒಳಗೆ ಅಂಟಿಸಿದ ಹಳದಿ ಚೀಟಿ: ಮುದ್ರಣಾಲಯದ ಮುಷ್ಕರದಿಂದಾಗಿ ಈ ಮಾರ್ಚ್ ಸಂಚಿಕೆ ಮೇ ಕೊನೆಯ ವಾರ ಹೊರಬರುತ್ತಿದೆ, ಓದುಗರು ಮನ್ನಿಸಬೇಕು.

ಅಕ್ಕ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು.

“ಮುಖಪುಟದ ತಾರೀಖಿಗೆ ಬೆಲೆ ಇಲ್ಲಮ್ಮ ಇಲ್ಲಿ. ಜನರ ಕೈಗೆ ಯಾವತ್ತು ಸಿಕ್ತು ಅನ್ನೋದೇ ಮುಖ್ಯ. ಹೊಸ ಪರೀಕ್ಷಕರಿಗೆ ಈ ಪಾಠ ಮಾಡೋರೇ ನಿಮ್ಮಪ್ಪ.”

“ಹಾಗಾದ್ರೆ ಆ ನರ್ಸಮ್ಮ...”

“ಆಗಿದ್ದು ಆಗಿಹೋಯ್ತು. ಈಗ ಅರ್ಜಿಗೂ ಜೀವ ಇಲ್ಲ, ಕಡತಕ್ಕೂ ಇಲ್ಲ. ಹೊರಡೋ ಹೊತ್ತಲ್ಲಿ ಅವರ ಮನಸ್ಸಿಗೆ ಯಾಕೆ ಮುಳ್ಳು ಚುಚ್ತೀಯಾ?” ಎಂದು ಸಂಪುಟ ಮುಚ್ಚಿದರು.

ಮನೆಯ ದಾರಿಯುದ್ದಕ್ಕೂ ಬಸ್ಸಿನ ಗಾಜಿನಲ್ಲಿ ಒಂದು ಉದ್ದನೆಯ ವಾರ್ಡು ತೇಲುತ್ತಿತ್ತು. ಬಿಳಿ ಹಾಸಿಗೆಗಳ ಸಾಲಿನಲ್ಲಿ ಮಲಗಿದವರೆಲ್ಲ ಹನಿಯೂ ಚೆಲ್ಲದೆ ನೀರು ಕುಡಿಯುತ್ತಿದ್ದರು. ನರ್ಸಮ್ಮನಿಗೆ ಮಾತ್ರ ಮುಖವಿರಲಿಲ್ಲ. ನಾನು ಇಳಿಯಬೇಕಾದ ನಿಲ್ದಾಣ ಹಿಂದೆಯೇ ಉಳಿಯಿತು.

ಮನೆಗೆ ಬಂದರೆ ಅಪ್ಪ ಕುರ್ಚಿ ಎಳೆದುಕೊಂಡು ಕೂತೇಬಿಟ್ಟಿದ್ದರು. “ಎಲ್ಲಿ, ಓದು ನೋಡೋಣ. ಕಚೇರಿಯೋರೆಲ್ಲ ಇಲ್ಲೇ ಇದಾರೆ ಅಂದ್ಕೋ.”

“ಹಾಗಿದ್ರೆ ಅರ್ಧ ಜನ ತೂಕಡಿಸ್ತಿರ್ಬೇಕಲ್ಲ,” ಎಂದರು ಅಮ್ಮ, ಬಟ್ಟೆ ಮಡಚುತ್ತ.

ಓದಿದೆ. ಮೊದಲ ಪುಟ ಹೇಗೋ ದಾಟಿತು. ಲೋಟದ ಪ್ಯಾರಾ ಬಂದಾಗ ಅಪ್ಪ ಕಣ್ಣು ಮುಚ್ಚಿಕೊಂಡರು. ನೂರು ಸಲ ಹೇಳಿದ ಕಥೆ. ನಾನು ಓದುವ ಮೊದಲೇ ಅವರ ತುಟಿ ಅಲುಗುತ್ತಿತ್ತು, ಮುಖದಲ್ಲಿ ಕೆಲಸಕ್ಕೆ ಸೇರಿದ ಹೊಸ ಹುಡುಗನ ನಗು. ಅವರಿಗೆ ಬೇಕಾದಂತೆಯೇ ಬರೆದುಕೊಂಡಿದ್ದೆ. ಒಂದೇ ಉಸಿರಿಗೆ ಓದಿಬಿಟ್ಟರೆ ಮುಗಿಯುತ್ತಿತ್ತು.

ಓದಲಾಗಲಿಲ್ಲ.

“ಯಾಕೆ ನಿಲ್ಲಿಸ್ದೆ? ಅದೇ ಕಣೇ ಚೆನ್ನಾಗಿರೋ ಜಾಗ,” ಎಂದರು ಅಪ್ಪ, ಕಣ್ಣು ತೆರೆಯದೆ.

ಅಮ್ಮನ ಕೈ ಬಟ್ಟೆಯ ಮೇಲೆ ನಿಂತಿತು. ನಾನು ಹಾಳೆ ಕೆಳಗಿಟ್ಟೆ.

“ಅಪ್ಪಾ, ಆ ಮಾರ್ಚ್ ಸಂಚಿಕೆ ಹೊರಗೆ ಬಂದಿದ್ದು ಮೇ ತಿಂಗಳಲ್ಲಿ. ನರ್ಸಮ್ಮನ ಲೋಟ ಹೊಸದೇ ಆಗಿತ್ತು.”